ದೇವರಿಲ್ಲದ ತಿಂಗಳಲ್ಲಿ ಗುಡಿಗೆ ಹೋದ ಅಜ್ಜಿ

ಒಂದೂರಿತ್ತಂತೆ. ನಮ್ಮಲ್ಲಿ ಮೊದಲ ಕೋಳಿ ಕೂಗುವ ಹೊತ್ತಿಗೆ ಅಲ್ಲಿ ಬಿಸಿಲು ಸೂರು ಏರಿರುತ್ತದಂತೆ. ಅಷ್ಟು ಮೂಡಲಿಗಿರುವ ಜಪಾನು ದೇಶದ ಊರು ಅದು, ಹೆಸರು ತೊಚಿಹಾರ. ಊರಿನ ಸುತ್ತ ಬೆಟ್ಟ, ಬೆಟ್ಟದ ಮೇಲೆ ಕಾಡು, ಕಾಡಿನೊಳಗೆ ಒಂದು ಮರದ ಗುಡಿ. ಗುಡಿಯ ದಾರಿಗೆ ಕೆಂಪು ಕಂಬಗಳ ಹೆಬ್ಬಾಗಿಲು, ಅದರ ಎರಡು ಪಕ್ಕಕ್ಕೂ ಕಲ್ಲಿನ ನರಿಗಳು. ಊರಿನ ಭತ್ತಕ್ಕೆ, ನೀರಿಗೆ, ಬಸುರಿ ಬಾಣಂತಿಗೆ ಎಲ್ಲದಕ್ಕೂ ಆ ಗುಡಿಯ ದೇವರದೇ ಕಾವಲು.

ಆ ಊರಿನಲ್ಲಿ ಒತ್ಸುನೆ ಅಂತ ಒಬ್ಬಳು ಅಜ್ಜಿ. ಅವಳ ತವರು ಇಝುಮೊ, ದೂರದ ಕಡಲ ದಂಡೆಯ ಸೀಮೆ. ಏಳು ಬೆಟ್ಟ ದಾಟಿ ಸೊಸೆಯಾಗಿ ಬಂದವಳು ತಿರುಗಿ ತವರಿನ ದಾರಿ ತುಳಿಯಲಿಲ್ಲ. ತವರಿನಿಂದ ಒಂದು ನರಪಿಳ್ಳೆಯೂ ಅವಳನ್ನು ನೋಡಲು ಬರಲಿಲ್ಲ. ಹೊರಡುವ ದಿನ ಅವಳ ತಾಯಿ ಅಂಗಿಯ ಅಗಲವಾದ ತೋಳಿನೊಳಗೆ ಒಂದು ಹಿಡಿ ಭತ್ತ ಸುರಿದು, ಹೋದ ಕಡೆ ಮೊಳೆಯಲಿ ಮಗಳೇ ಅಂದಿದ್ದಳಂತೆ. ಭತ್ತ ಮೊಳೆಯಿತು. ಹಿಡಿ ಇದ್ದದ್ದು ಮೊರವಾಯಿತು, ಮೊರ ಇದ್ದದ್ದು ಮೂಟೆಯಾಯಿತು. ವರ್ಷ ವರ್ಷವೂ ಅದರ ಬಿತ್ತನೆಯನ್ನು ಬೇರೆಯಾಗಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು. ತಾಯಿ ಹೋದಳು, ಗಂಡ ಹೋದ, ತವರು ಅಂದರೆ ಅವಳ ಪಾಲಿಗೆ ಅಟ್ಟದ ಮೇಲಿನ ಆ ಮೂಟೆ ಮಾತ್ರ ಉಳಿಯಿತು.

ಅಜ್ಜಿಗೆ ಒಂದು ಚಟ. ಉಪ್ಪಿನಕಾಯಿ ಹಾಕುವಾಗಲೂ "ನಮ್ಮ ತವರಲ್ಲಿ" ಅನ್ನುವಳು, ಕಸ ಗುಡಿಸುವಾಗಲೂ "ನಮ್ಮ ತವರಲ್ಲಿ" ಅನ್ನುವಳು. ಊರಿನವರು ನಕ್ಕು, "ಇದು ನಿಮ್ಮ ತವರಲ್ಲ ಕಣಜ್ಜಿ" ಅನ್ನುವರು. ಕೊನೆಕೊನೆಗೆ ಅವಳು ಬಾಯಿ ತೆರೆದರೆ ಸಾಕು, ಎದುರಿಗಿದ್ದವರೇ ಆ ಮಾತನ್ನು ಮುಗಿಸುತ್ತಿದ್ದರಂತೆ.

ಈಗ ಆ ದೇಶದ ಒಂದು ಪದ್ಧತಿ ಕೇಳಿ. ವರ್ಷದ ಹತ್ತನೇ ತಿಂಗಳು ಬಂತೆಂದರೆ ಎಲ್ಲ ಊರಿನ ಎಲ್ಲ ದೇವರುಗಳೂ ಗುಡಿ ಬಿಟ್ಟು ಒಂದು ಕಡೆ ಸಭೆ ಸೇರುತ್ತಾರಂತೆ. ಯಾವ ಹುಡುಗನಿಗೆ ಯಾವ ಹುಡುಗಿ ಅಂತ ಗಂಟು ಹಾಕುವುದು ಆ ಸಭೆಯಲ್ಲೇ. ಹಾಗಾಗಿ ಎಲ್ಲ ಊರಿನವರೂ ಅದನ್ನು ದೇವರಿಲ್ಲದ ತಿಂಗಳು ಅನ್ನುತ್ತಾರೆ. ಯಜಮಾನ ಇಲ್ಲದ ಮನೆಗೆ ಯಾರು ಹೋಗುತ್ತಾರೆ? ಆ ತಿಂಗಳು ಗುಡಿಗೆ ಯಾರೂ ಕಾಲಿಡುವುದಿಲ್ಲ. ಆದರೆ ದೇವರುಗಳ ಸಭೆ ಸೇರುವುದು ಎಲ್ಲಿ ಅಂದುಕೊಂಡಿರಿ? ಇಝುಮೊದಲ್ಲಿ, ನಮ್ಮ ಅಜ್ಜಿಯ ತವರಿನಲ್ಲಿ! ಜಗತ್ತಿಗೆಲ್ಲ ದೇವರಿಲ್ಲದ ತಿಂಗಳು ಅವಳ ತವರಿಗೆ ಮಾತ್ರ ದೇವರು ತುಂಬಿದ ತಿಂಗಳು. ಹುಟ್ಟಿದಾಗಿನ ಅಭ್ಯಾಸ ಎಲ್ಲಿ ಹೋಗುತ್ತದೆ? ಆ ತಿಂಗಳು ಬಂತೆಂದರೆ ಅಜ್ಜಿ ಕೆಂಪು ಕಾಳು ಬೇಯಿಸಿ, ಬೆಲ್ಲ ಹಾಕಿ, ಅಕ್ಕಿಯುಂಡೆ ಬಿಟ್ಟು ಸಿಹಿ ಮಾಡುವಳು. ದೇವರೇ ಊರಲ್ಲಿಲ್ಲ, ಅಜ್ಜಿ ಹಬ್ಬ ಮಾಡ್ತಾಳೆ ಅಂತ ಊರು ನಗುವುದು.

ಒಂದು ವರ್ಷ ಹೀಗಾಯಿತಂತೆ. ಹತ್ತನೇ ತಿಂಗಳು ಹುಟ್ಟಿ ಸ್ವಲ್ಪ ದಿನಕ್ಕೆ, ಸೌದೆಗೆ ಹೋದವರಿಗೆ ಮುಚ್ಚಿದ ಗುಡಿಯೊಳಗಿಂದ ದಪ್ಪ ದನಿಯೊಂದು ಕೇಳಿತು. ನಾನು ಈ ಸಲ ಸಭೆಗೆ ಹೋಗಲಿಲ್ಲ, ನಿಮ್ಮ ಮೇಲಿನ ಮಮತೆಗೆ ಇಲ್ಲೇ ಉಳಿದೆ, ನನಗೆ ಹಸಿವು ಅಂದಿತು. ಊರಿಗೆ ಹಿಗ್ಗೋ ಹಿಗ್ಗು. ಪಕ್ಕದೂರಿಗೆ ಇಲ್ಲದ ದೇವರು ನಮಗೆ ಇದ್ದಾನಲ್ಲ! ಊರ ಯಜಮಾನ ಗೊನ್ರೊಕು ತಾನೇ ಮುಂದೆ ನಿಂತು ಅಕ್ಕಿ ಕಡುಬು ಕಳಿಸಿದ. ದನಿ ತಿಂದಿತು, ಸಾಲದು ಅಂದಿತು. ಒಣಗಿಸಿದ ಹಣ್ಣು ಕಳಿಸಿದ. ತಿಂದಿತು, ಸಾಲದು ಅಂದಿತು. ಅಕ್ಕಿಯ ಹೆಂಡ ಕಳಿಸಿದ. ಕುಡಿಯಿತು, ಸಾಲದು ಅಂದಿತು. ಕೊನೆಗೆ ಒಂದು ದಿನ, ನಾಳೆ ಸಂಜೆಯೊಳಗೆ ಊರಿನ ಬಿತ್ತನೆ ಭತ್ತವೆಲ್ಲ ನನ್ನ ಮೆಟ್ಟಿಲ ಮೇಲಿರಬೇಕು, ಇಲ್ಲವಾದರೆ ಬರುವ ವರ್ಷ ಬೆಟ್ಟದಿಂದ ಒಂದು ತೊಟ್ಟು ನೀರು ಬಿಡುವುದಿಲ್ಲ ಅಂದಿತು.

ಊರು ಬೆಪ್ಪಾಯಿತು. ಗೊನ್ರೊಕು ಇಡೀ ಬೆಳಗು ತಲೆ ಕೆರೆದುಕೊಂಡು, ಬಿತ್ತನೆಯನ್ನಾದರೆ ಪಕ್ಕದೂರಿನಿಂದ ಬೇಡಿ ತರಬಹುದು, ನೀರನ್ನು ಎಲ್ಲಿಂದ ಬೇಡುವುದು ಅಂತ ತೀರ್ಮಾನ ಕೊಟ್ಟ. ಅವನ ಮಾತಿನಲ್ಲೂ ತಪ್ಪಿರಲಿಲ್ಲ. ಆದರೆ ಅಜ್ಜಿಯ ಭತ್ತ ಯಾವ ಪಕ್ಕದೂರಿನಲ್ಲಿ ಸಿಗುತ್ತದೆ? ಅವಳು ಯಜಮಾನನ ಮನೆಗೆ ಹೋಗಿ, ಒಂದೇ ಒಂದು ಹಿಡಿ ಉಳಿಸಿಕೊಳ್ಳುತ್ತೇನೆ ಅಂತ ಕೇಳಿಕೊಂಡಳು.

"ದೇವರ ಪಾಲಿನಲ್ಲಿ ಹಿಡಿ ಕದಿಯೋದಾ ಅಜ್ಜಿ?" ಅಂದ ಗೊನ್ರೊಕು. "ನಿಮ್ಮ ತವರಲ್ಲಿ ಹಾಗೆ ಮಾಡ್ತಾರೇನು?"

ಅಜ್ಜಿ ತಿರುಗಿ ನಡೆದಳು. ಮನೆಗೆ ಬಂದು, ಕೆಂಪು ಕಾಳಿನ ಬುಟ್ಟಿ ಎತ್ತಿಕೊಂಡು ತೊರೆಗೆ ಹೋದಳು. ತೊಳೆಯುತ್ತಾ ಕೂತವಳಿಗೆ ನೀರು ಕಂಡಿತು, ನೀರು ಬರುವ ದಾರಿ ಕಂಡಿತು, ದಾರಿಯ ತುದಿಯ ಕಾಡು ಕಂಡಿತು. ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ಎದ್ದಳು. ಗುಡಿಗೆ ಹೋಗಬೇಕು ಅಂತ ಎದ್ದವಳಲ್ಲ. ಎದ್ದಳು, ಕಾಲು ನಡೆಯಿತು, ಅವಳು ಕಾಲಿನ ಹಿಂದೆ ಹೋದಳು ಅಷ್ಟೆ. ಕಾಡಿನಲ್ಲಿ ಎಲೆಗಳು ಕೆಂಡದ ಬಣ್ಣಕ್ಕೆ ತಿರುಗಿದ್ದವು. ಗುಡಿಸುವವರಿಲ್ಲದ ದಾರಿಯಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಚರಚರ ಸದ್ದು. ಮುಗಿಲು ಮುಟ್ಟುವ ಮರಗಳ ಕೆಳಗೆ ತಣ್ಣಗಿತ್ತು. ಎಷ್ಟೋ ದಿನದ ಮೇಲೆ ಅಜ್ಜಿಗೆ ಉಸಿರು ಎದೆಯ ತಳದವರೆಗೆ ಇಳಿಯಿತಂತೆ. ಕೆಂಪು ಕಂಬಗಳ ಬಾಗಿಲು ಬಂದಾಗಲೇ ಅವಳಿಗೆ ತಾನು ಎಲ್ಲಿಗೆ ಬಂದೆ ಅಂತ ಗೊತ್ತಾದದ್ದು. ಬಂದದ್ದಾಯಿತು, ನಮಸ್ಕಾರ ಮಾಡಿಯೇ ಹೋಗೋಣ ಅಂತ ಬಾಗಿಲ ಪಕ್ಕದ ಕಲ್ಲಿನ ದೋಣಿಯಲ್ಲಿದ್ದ ನೀರಿನಿಂದ ಕೈ ತೊಳೆದಳು, ಬಾಯಿ ಮುಕ್ಕಳಿಸಿದಳು.

ಆಗ ಗುಡಿಯೊಳಗಿಂದ ಸದ್ದು ಬಂತು. ಧಂ ಧಂ, ಧಂ ಧಂ. ಯಾರೋ ಡೋಲು ಬಡಿದ ಹಾಗೆ. ನಡುವೆ ಒಂದು ಉದ್ದನೆಯ ತೇಗು.

ಅಜ್ಜಿ ಅಲ್ಲಿನ ರೂಢಿಯಂತೆ ಎರಡು ಸಲ ಚಪ್ಪಾಳೆ ತಟ್ಟಿದಳು. ಡೋಲು ಥಟ್ಟನೆ ನಿಂತಿತು.

"ಯಾರದು? ಬಿತ್ತನೆ ತಂದೆಯಾ?" ಅಂದಿತು ದಪ್ಪ ದನಿ.

"ಇಲ್ಲ ನಮ್ಮಪ್ಪಾ. ಸುಮ್ನೆ ಬಂದೆ."

"ಸುಮ್ನೆಯಾ? ದೇವರ ಹತ್ತಿರ ಯಾರಾದರೂ ಸುಮ್ನೆ ಬರ್ತಾರಾ? ಮಗು ಬೇಕಾ, ಮಳೆ ಬೇಕಾ, ಸೊಂಟನೋವು ಹೋಗಬೇಕಾ?"

"ಸೊಂಟನೋವು ಇದ್ದೇ ಇದೆ, ಅದರ ಪಾಡಿಗೆ ಅದಿರಲಿ. ಕಾಳು ತೊಳೀತಿದ್ದೆ, ಕಾಲು ಈ ಕಡೆ ಎಳೀತು. ನೀವು ಈ ಸಲ ಸಭೆಗೆ ಹೋಗಲೇ ಇಲ್ಲವಂತಲ್ಲ, ಒಬ್ಬರೇ ಇದ್ದು ಬೇಜಾರಾಗಲ್ಲವಾ?"

ಅಷ್ಟು ದಿನ ಮಾತಾಡುವವರಿಲ್ಲದೆ ಆ ದನಿಗೂ ಬಾಯಿ ಕಟ್ಟಿಹೋಗಿತ್ತೋ ಏನೋ, ಹರಟೆಗೆ ಬಿತ್ತು. ಹೋದ ವರ್ಷ ಹೋಗಿದ್ದೆನಲ್ಲ, ಅದೇ ಸಾಕಾಯಿತು, ಇಝುಮೊದಲ್ಲಿ ಆ ತಿಂಗಳು ಏನು ಕುಣಿತ, ಏನು ಡೋಲು, ಏನು ಕೂಗಾಟ, ಊರಿಗೆ ಊರೇ ಹಾಡುತ್ತದೆ, ನನಗಂತೂ ತಲೆನೋವೇ ಬಂತು ಅಂತ ಹೇಳಿತು.

ಅಜ್ಜಿ ಹೂಂ ಅಂದಳು. ಅವಳ ತವರಿನಲ್ಲಿ ದೇವರುಗಳ ಸಭೆ ನಡೆಯುವಾಗ ಹಾಡಿಲ್ಲ, ಡೋಲಿಲ್ಲ. ಮನೆ ಕಟ್ಟುವವರು ಸುತ್ತಿಗೆ ಕೆಳಗಿಡುತ್ತಾರೆ. ತಾಯಂದಿರು ಅಳುವ ಕೂಸನ್ನು ಕೋಣೆಯೊಳಗೆ ಒಯ್ಯುತ್ತಾರೆ. ದೇವರ ಮಾತಿಗೆ ಅಡ್ಡಿಯಾಗಬಾರದು ಅಂತ ಊರಿಗೆ ಊರೇ ಬೆಕ್ಕಿನ ಹೆಜ್ಜೆಯಲ್ಲಿ ನಡೆಯುತ್ತದೆ. ಒಂದು ಸಲವಾದರೂ ಅಲ್ಲಿಗೆ ಹೋಗಿದ್ದ ದೇವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

ಇವನು ದೇವರಲ್ಲ. ಅದು ಅಜ್ಜಿಗೆ ಗೊತ್ತಾಯಿತು. ಆದರೆ ಊರಿಗೆ ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಶುರುವಾಯಿತಪ್ಪ ಇವಳ ತವರು ಅನ್ನುತ್ತಾರೆ. ಯೋಚಿಸುತ್ತಾ ಮೆಟ್ಟಿಲಿಳಿದವಳಿಗೆ ಗುಡಿಯ ಪಕ್ಕದಲ್ಲಿ ಎಲೆ ಉದುರಿದ ಒಂದು ಗಿಡ ಕಂಡಿತು. ಚಳಿಯಲ್ಲೇ ಹೂ ಬಿಡುವ ಉಮೆ ಗಿಡ. ಅದನ್ನು ನೋಡುತ್ತಲೇ ಅಪ್ಪನ ಹೆಗಲ ಮೇಲೆ ಕೂತು ಕಂಡದ್ದೊಂದು ನೆನಪಾಗಿ ಅಜ್ಜಿಗೆ ನಗು ಬಂತು. ಗಿಡಕ್ಕೆ ಕೈಮುಗಿದು ಒಂದು ರೆಂಬೆ ಮುರಿದುಕೊಂಡಳು.

ಮನೆಯಲ್ಲಿ ಸೊಸೆ ಓಮಿತ್ಸು ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಹೋಗಿದ್ರಿ ಅತ್ತೆ? ತೊರೆ ಹತ್ತಿರ ಬುಟ್ಟಿ ಒಂದೇ ಇತ್ತು. ನನ್ನ ಜೀವ ಬಾಯಿಗೆ ಬಂದಿತ್ತು."

"ಗುಡಿಗೆ."

"ಯಾಕೆ?"

"ಸುಮ್ನೆ. ಅದಿರಲಿ, ಒಂದು ಮೊರ ಅಕ್ಕಿಹಿಟ್ಟು ಬೀಸಿಕೊಡು. ನಮ್ಮ ತವರಲ್ಲಿ..."

"ಗೊತ್ತಾಯ್ತು ಬಿಡಿ," ಅಂತ ಸೊಸೆ ನಕ್ಕು ಬೀಸುವ ಕಲ್ಲಿನ ಮುಂದೆ ಕೂತಳು.

ಮರುದಿನ ಮಧ್ಯಾಹ್ನ ಊರಿಗೆ ಊರೇ ಬಿತ್ತನೆಯ ಮೂಟೆ ಹೊತ್ತು ಕಾಡಿಗೆ ಹೊರಟಿತು. ಕೈಯಲ್ಲಿ ಬೆಳೆಸಿದ್ದನ್ನು ಕೈಯಾರೆ ಕೊಡಲು ಹೋಗುವವರ ಮುಖ ಹೇಗಿರುತ್ತದೆ, ಹಾಗಿತ್ತು ಎಲ್ಲರ ಮುಖ. ಅಜ್ಜಿಯ ಮೂಟೆ ಸೊಸೆಯ ಬೆನ್ನ ಮೇಲಿತ್ತು. ಅಜ್ಜಿಯ ಒಂದು ಕೈಯಲ್ಲಿ ರೆಂಬೆ, ಇನ್ನೊಂದು ಕೈಯಲ್ಲಿ ಹಿಟ್ಟಿನ ಚೀಲ. ಗುಡಿ ಮುಟ್ಟಿದ ಮೇಲೆ ಅವಳು ಗೊನ್ರೊಕುವಿನ ಮುಂದೆ ಬಾಗಿ, ಮೂಟೆ ಇಡುವ ಮೊದಲು ದೇವರಿಗೆ ನನ್ನ ತವರಿನ ಒಂದು ಮರ್ಯಾದೆ ಮಾಡುತ್ತೇನೆ, ಅಪ್ಪಣೆ ಕೊಡಿ ಅಂದಳು. ಹಿಂದಿನ ದಿನ ಮುದುಕಿಯನ್ನು ಹಂಗಿಸಿದ್ದು ಗೊನ್ರೊಕುವಿನ ಮನಸ್ಸಿನಲ್ಲಿ ಕುಟುಕುತ್ತಿತ್ತು. ಬೇಗ ಮುಗಿಸು ಅಂದ.

ಅಜ್ಜಿ ಮೆಟ್ಟಿಲಿನ ಮೇಲೆಲ್ಲ ಅಕ್ಕಿಹಿಟ್ಟನ್ನು ತೆಳ್ಳಗೆ ಹರಡಿದಳು. ಆಮೇಲೆ ಪಕ್ಕದಿಂದ ಕೈ ಚಾಚಿ, ರೆಂಬೆಯಿಂದ ಗುಡಿಯ ಬಾಗಿಲನ್ನು ಮೂರು ಸಲ ತಟ್ಟಿದಳು.

"ಹೊರಡಿ," ಅಂದಳು. "ಹೊರಡಿ. ಹೊರಡಿ."

ಊರಿನವರು ಒಂದು ಹೆಜ್ಜೆ ಹಿಂದೆ ಸರಿದರು. ಒಳಗಿನ ದನಿ, "ಏನಂದೆ? ನನ್ನನ್ನೇ ಹೊರಡು ಅಂತೀಯಾ?" ಅಂತ ಗುಡುಗಿತು.

"ನನ್ನ ಮಾತಲ್ಲ ನಮ್ಮಪ್ಪಾ, ಪದ್ಧತಿಯ ಮಾತು," ಅಂದಳು ಅಜ್ಜಿ, ಊರಿಗೆಲ್ಲ ಕೇಳುವ ಹಾಗೆ. "ಸಭೆ ಮುಗಿದ ದಿನ ನಮ್ಮ ತವರಲ್ಲಿ ಪೂಜಾರಿ ಹೀಗೇ ಬಾಗಿಲು ತಟ್ಟಿ ಹೊರಡಿ ಅಂತಾರೆ. ಎಂಬತ್ತು ಲಕ್ಷ ದೇವರುಗಳು ಆ ಕ್ಷಣಕ್ಕೆ ಏಳ್ತಾರೆ. ಈ ರೆಂಬೆ ಬಾಗಿಲು ಮುಟ್ಟಿದ ಮೇಲೆ ಕೂತೇ ಇದ್ದ ದೇವರು ಇವತ್ತಿನವರೆಗೆ ಒಬ್ಬರೂ ಇಲ್ಲ. ಹೋದ ವರ್ಷ ನೀವೂ ಎದ್ದು ಬಂದಿದ್ರಲ್ಲ, ಮರೆತುಬಿಟ್ರಾ?"

ಒಳಗೆ ಸದ್ದಿಲ್ಲ. ಊರಿನವರು ಬಾಗಿಲನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಮತ್ತೆ ಬಾಗಿಲನ್ನು ನೋಡಿದರು. ಗೊನ್ರೊಕು ಮೂಟೆಯ ಮೇಲಿನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಒಳಗಿದ್ದವನಿಗೆ ಅಡಕೊತ್ತಿನಲ್ಲಿ ಸಿಕ್ಕ ಅಡಕೆಯ ಪಾಡು. ಕೂತರೆ ದೇವರಲ್ಲ, ಎದ್ದರೆ ಗುಡಿಯಿಲ್ಲ.

"ಎದ್ದಿದ್ದೀನಿ," ಅಂದಿತು ಕೊನೆಗೆ ದನಿ. ಮೊದಲಿನಷ್ಟು ದಪ್ಪವಿರಲಿಲ್ಲ.

"ಎದ್ದವರು ಹೊರಗೆ ದಯಮಾಡಿಸಬೇಕು. ನೀವು ಹೋಗುವಾಗ ನಾವು ಯಾರೂ ಕಣ್ಣೆತ್ತಿ ನೋಡಲ್ಲ. ನೆಲಕ್ಕೆ ಹಣೆ ಹಚ್ಚಿ ಕಣ್ಣು ಮುಚ್ಚಿರ್ತೀವಿ. ಅದೂ ಪದ್ಧತಿಯೇ."

ಈ ಮಾತು ಒಳಗಿನವನಿಗೆ ಬೆಲ್ಲವಾಯಿತು. ಇವರು ಕಣ್ಣು ಮುಚ್ಚುತ್ತಾರೆ, ನಾನು ಒಂದು ಸುತ್ತು ಹಾಕಿ ಮತ್ತೆ ಒಳಗೆ ಸೇರಿಕೊಂಡರಾಯಿತು ಅಂದುಕೊಂಡ. ಊರೆಲ್ಲ ನೆಲಕ್ಕೆ ಹಣೆ ಹಚ್ಚಿತು. ಬಾಗಿಲು ಕಿರ್ರೆಂದಿತು. ಧೊಪ್ ಧೊಪ್ ಅಂತ ಹೆಜ್ಜೆಗಳು ಮೆಟ್ಟಿಲಿಳಿದವು, ಪೊದೆ ಸರಸರ ಅಂದಿತು. ಅಜ್ಜಿ ಒಂದು ಕಣ್ಣು ಮಾತ್ರ ಮುಚ್ಚಿದ್ದಳಂತೆ. ಪೊದೆ ಅಲುಗಿದ್ದೇ ತಡ, ಬಾಗಿಲೆಳೆದು ಚಿಲಕ ಹಾಕಿದಳು.

"ಈಗ ಎದ್ದು ಮೆಟ್ಟಿಲು ನೋಡಿ," ಅಂದಳು.

ಬಿಳಿ ಹಿಟ್ಟಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಹೆಜ್ಜೆ ಗುರುತು. ನಾಲ್ಕು ಬೆರಳಿನ ದುಂಡು ದುಂಡು ಪಂಜ. ಪಂಜಗಳ ನಡುವೆ, ಪೊರಕೆ ಎಳೆದ ಹಾಗೆ ಒಂದು ಅಗಲ ಗೆರೆ.

"ಇದೇನು ಗೆರೆ?" ಅಂದ ಗೊನ್ರೊಕು.

"ಬಾಲ ಯಜಮಾನ್ರೇ," ಅಂದಳು ಓಮಿತ್ಸು. "ನಮ್ಮ ದೇವರಿಗೆ ಬಾಲ ಇದೆ."

ತನುಕಿ! ಆ ದೇಶದ ಕಾಡಿನ ಪ್ರಾಣಿ ಅದು. ನರಿಯ ಜಾತಿ, ಆದರೆ ನರಿಗಿಂತ ಗುಂಡು, ಕಣ್ಣ ಸುತ್ತ ಕಪ್ಪು, ದನಿ ಬದಲಿಸಿ ಮೋಸ ಮಾಡುವುದರಲ್ಲಿ ನಿಸ್ಸೀಮ, ಹೊಟ್ಟೆ ತುಂಬಿದರೆ ತನ್ನ ಹೊಟ್ಟೆಯನ್ನೇ ಡೋಲಿನ ಹಾಗೆ ಬಡಿದುಕೊಳ್ಳುತ್ತದಂತೆ. ಮೊದಲು ಒಬ್ಬರು ನಕ್ಕರು, ಆಮೇಲೆ ಹತ್ತು ಜನ ನಕ್ಕರು, ಆಮೇಲೆ ಕಾಡೇ ನಕ್ಕಿತು. ಪೊದೆಯಲ್ಲಿ ಕೂತಿದ್ದ ತನುಕಿ ಆ ನಗೆಗೆ ಕಿತ್ತ ಓಟ ಬೆಟ್ಟದ ಆಚೆ ನಿಂತಿತಂತೆ. ತುಂಬಿದ ಹೊಟ್ಟೆ ದಾರಿಯುದ್ದಕ್ಕೂ ಧಂ ಧಂ ಅನ್ನುತ್ತಿತ್ತು. ಗೊನ್ರೊಕು ತಾನೇ ಬಾಗಿಲಿಗೆ ಹುಲ್ಲಿನ ಹಗ್ಗ ಬಿಗಿದ. ಆಮೇಲೆ ಓಮಿತ್ಸುವಿನ ಬೆನ್ನಿನಿಂದ ಅಜ್ಜಿಯ ಮೂಟೆಯನ್ನು ಇಳಿಸಿ, ತನ್ನ ಬೆನ್ನಿಗೇರಿಸಿಕೊಂಡು, ಅವಳ ಮನೆಯ ಅಟ್ಟದವರೆಗೂ ತಾನೇ ಹೊತ್ತು ತಂದು ಇಟ್ಟ. ಆ ಸಂಜೆ ಅಜ್ಜಿಯ ಮನೆಯ ಕೆಂಪು ಕಾಳಿನ ಸಿಹಿಯ ಮುಂದೆ ಊರೆಲ್ಲ ಸಾಲಾಗಿ ಕೂತಿತ್ತು.

ತಿಂಗಳು ಕಳೆಯಿತು. ಹನ್ನೊಂದನೇ ತಿಂಗಳ ಮೊದಲ ಬೆಳಗು ಅಜ್ಜಿ ಎದ್ದಳು, ಮತ್ತೆ ಕಾಲು ಎಳೆಯಿತು, ಮತ್ತೆ ಕಾಡಿನ ದಾರಿ ಹಿಡಿದಳು. ಯಾಕೆ ಅಂತ ಸೊಸೆ ಈ ಸಲ ಕೇಳಲಿಲ್ಲ. ಗುಡಿಯ ಹಗ್ಗ ಕಟ್ಟಿದ ಹಾಗೇ ಇತ್ತು. ಆದರೆ ಮೆಟ್ಟಿಲು ಒದ್ದೆಯಾಗಿತ್ತು. ಮೇಲಿನ ಮೆಟ್ಟಿಲ ಮೇಲೆ ಹಿಡಿಯಷ್ಟು ಮರಳು, ಮರಳಿನ ಮೇಲೆ ಹಸಿಯಾದ ಒಂದು ಎಳೆ ಕಡಲ ಪಾಚಿ. ಏಳು ಬೆಟ್ಟದ ಒಳಗಿನ ಊರಿನಲ್ಲಿ ಕಡಲ ಪಾಚಿ ಎಲ್ಲಿಂದ ಬರಬೇಕು? ಅಜ್ಜಿ ಅದನ್ನು ಎತ್ತಿ ಮೂಗಿಗೆ ಹಿಡಿದಳು. ತವರಿನ ವಾಸನೆ. ತಾಯಿಯ ಒದ್ದೆ ಕೈಯ ವಾಸನೆ.

ತವರಿನಿಂದ ತನ್ನನ್ನು ನೋಡಲು ಯಾರೂ ಬರಲಿಲ್ಲ ಅಂತ ಅವಳು ಇಷ್ಟು ವರ್ಷ ಕೊರಗಿದ್ದಳು. ಈಗ ಲೆಕ್ಕ ಸಿಕ್ಕಿತು. ವರ್ಷ ವರ್ಷವೂ ಇಲ್ಲಿಂದ ಅವಳ ತವರಿಗೆ ಹೋಗಿ, ತವರಿನಿಂದ ಇಲ್ಲಿಗೆ ಬರುವವರು ಒಬ್ಬರಿದ್ದರು. ಬರಮಾಡಿಕೊಳ್ಳಲು ಅವಳು ಒಮ್ಮೆಯೂ ಬಂದಿರಲಿಲ್ಲ, ಅಷ್ಟೆ.

ಅಜ್ಜಿ ಎರಡು ಸಲ ಚಪ್ಪಾಳೆ ತಟ್ಟಿದಳು. "ಬಂದ್ರಾ ನಮ್ಮಪ್ಪಾ? ನಮ್ಮ ಕಡೆ ಎಲ್ಲರೂ ಚೆನ್ನಾಗಿದ್ದಾರಾ?" ಅಂತ ಕೇಳಿದಳು. ಗುಡಿಯೊಳಗೆ ಸದ್ದಿಲ್ಲ, ಡೋಲಿಲ್ಲ. ಮರದ ತುದಿಯಲ್ಲಿ ಮಾತ್ರ ಗಾಳಿ ಬೀಸಿತು. ಕೇಳುವವರಿಗೆ ಅದು ಅಲೆಯ ಸದ್ದಿನ ಹಾಗೇ ಇತ್ತಂತೆ.

ಅಲ್ಲಿಂದ ಮುಂದೆ ತೊಚಿಹಾರದಲ್ಲಿ ದೇವರನ್ನು ಬರಮಾಡಿಕೊಳ್ಳುವ ಮೊದಲ ಚಪ್ಪಾಳೆ ಅಜ್ಜಿಯ ಮನೆಯ ಹೆಂಗಸರದೇ. ಮದುವೆಯಿರಲಿ, ನಾಟಿಯಿರಲಿ, ಉಪ್ಪಿನಕಾಯಿಯ ಭರಣಿಯೇ ಇರಲಿ, ಊರಿನವರು ಕೆಲಸ ಶುರುಮಾಡುವ ಮೊದಲು ಅವಳ ಬಾಗಿಲಿಗೆ ಬಂದು, "ನಿಮ್ಮ ತವರಲ್ಲಿ ಹೇಗೆ ಮಾಡ್ತಾರೆ ಅಜ್ಜಿ?" ಅಂತ ಕೇಳುವರಂತೆ.

ಅವಳ ತವರಿನ ಭತ್ತ ಆ ಬೆಟ್ಟದ ಗದ್ದೆಯಲ್ಲಿ ಇಂದಿಗೂ ತೆನೆ ಬಾಗಿಸುತ್ತದಂತೆ. ಅವರ ಕಾಳು ಅವರ ಅಟ್ಟದ ಮೇಲೆ ಬೆಚ್ಚಗಿದೆ, ನನ್ನ ಕಥೆ ನಿಮ್ಮ ಮಡಿಲಲ್ಲಿ ಬೆಚ್ಚಗಿರಲಿ.