ಗುಣವಾದ ಎತ್ತು

ಒಂದೇ ನೊಗಕ್ಕೆ ಹೂಡುತ್ತಿದ್ದ ಕೆಂದ, ಕರಿಯ ಎಂಬ ಎರಡು ಎತ್ತುಗಳಿಗೂ ಮುಂಗಾಲು ನೋವು ಬಂತು. ದನಗಳಿಗೆ ಮದ್ದು ಮಾಡುವ ಕೋತಿ, ಮುಸುವ ಪಂಡಿತ, ಬರುವಾಗಲೇ ಕುಡುಗೋಲು ಕಾಯಿಸಿಕೊಂಡು ಬಂದ.

"ಪಂಡಿತರೇ, ಸ್ವಲ್ಪ ಕೇಳಿ," ಎಂದ ಕೆಂದ. "ನಾನು ಕತ್ತು ತಿರುಗಿಸಿದರೆ ಸಾಕು, ಗೊರಸಿನವರೆಗೂ ಮಿಂಚು ಹೊಡೆದಂತಾಗುತ್ತದೆ. ಕರಿಯನ ಕತ್ತಿಗೆ ಏನೂ ಆಗಿಲ್ಲ. ಅವನಿಗೆ ಹೆಗಲು ಸಿಡಿಯುತ್ತದೆ, ಕಾಲಿನ ಕಸುವು ದಿನೇ ದಿನೇ ಇಳಿಯುತ್ತಿದೆ. ಎರಡೂ ಒಂದೇ ಕಾಯಿಲೆಯಲ್ಲ."

"ಕುಂಟುವುದು ಕಾಲು ತಾನೇ? ನನಗೇ ಪಾಠ ಹೇಳುತ್ತೀಯಾ?" ಎಂದು ಗದರಿದ ಮುಸುವ ಇಬ್ಬರ ಮುಂಗಾಲಿಗೂ ಬರೆ ಎಳೆದ.

ಬರೆ ಮಾಯುವ ಹೊತ್ತಿಗೆ ಪಂಡಿತ ಮತ್ತೆ ಬಂದ.

"ನೋವಿಲ್ಲ ಸ್ವಾಮಿ, ಆದರೆ ಕಾಲು ಎತ್ತಲಾರೆ," ಎಂದ ಕರಿಯ.

"ನೋಡಿ, ಇವನು ಗುಣವಾದ!" ಎಂದು ಎತ್ತುಗಳ ಒಡೆಯನಿಗೆ ತೋರಿಸಿ ಹಿಗ್ಗಿದ ಮುಸುವ ಕೆಂದನತ್ತ ತಿರುಗಿದ. "ನಿನಗಿನ್ನೂ ನೋವೇ? ಅದು ಬರೀ ಮೈಗಳ್ಳತನ. ನಡೆ ನೊಗಕ್ಕೆ."

ಗುಣವಾದ ಕರಿಯನನ್ನು ಕಟುಕ ಗಾಡಿಗೆ ಹಾಕಿಕೊಂಡು ಹೋದ. ಅವನ ಜಾಗಕ್ಕೆ ಬಂದ ಹೊಸ ಎತ್ತು ನೊಗಕ್ಕೆ ಕತ್ತು ಕೊಡುತ್ತಾ, "ಅಣ್ಣಾ, ಈ ಊರಲ್ಲಿ ಒಳ್ಳೆಯ ಪಂಡಿತರು ಇದ್ದಾರೆಯೇ?" ಎಂದು ಕೇಳಿದ.

ಕೆಂದ ಕತ್ತು ತಿರುಗಿಸದೆಯೇ ಹೇಳಿದ: "ಇದ್ದಾರೆ ತಮ್ಮಾ. ನಿನ್ನ ಜಾಗದಲ್ಲಿದ್ದವನನ್ನು ಗುಣ ಮಾಡಿದ್ದು ಅವರೇ."