ಹೆಚ್ಚು ಓಡದ ಕಾರು

"ಗುರುಗಳೇ, ನಾನು ಏನೂ ಮಾಡದೆಯೇ ದಣಿದಿದ್ದೇನೆ. ಇದು ಹೇಗೆ?"

ಅಡವೀಶ ಹೀಗೆ ಕೇಳಿದಾಗ ಮಠದಲ್ಲಿ ಮಧ್ಯಾಹ್ನದ ಪಂಕ್ತಿ ಆಗಷ್ಟೇ ಮುಗಿದಿತ್ತು. ಹಿತ್ತಲಲ್ಲಿ ಉಳಿದ ಶಿಷ್ಯರು ಕೊಪ್ಪರಿಗೆ ಉಜ್ಜುತ್ತ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಅವರು ನಸುಕಿನಲ್ಲಿ ಎದ್ದು ಸೌದೆ ಒಡೆದವರು, ನೀರು ಹೊತ್ತವರು, ಇನ್ನೂರು ಎಲೆಗೆ ಬಡಿಸಿದವರು. ಅಡವೀಶ ಮಾತ್ರ ಬೆಳಗಿನಿಂದ ಗುರುಗಳ ಪಕ್ಕ ಬಿಟ್ಟು ಎದ್ದಿರಲಿಲ್ಲ. ಎಂಟನೆಯ ವಯಸ್ಸಿಗೆ ಮಠಕ್ಕೆ ಬಂದವನಿಗೆ ಈಗ ಇಪ್ಪತ್ತೆರಡು. ಓದುವುದು, ಓದಿದ್ದನ್ನು ಗುರುಗಳಿಗೆ ಒಪ್ಪಿಸುವುದು, ಇಷ್ಟೇ ಅವರು ಅವನಿಗೆ ಕೊಟ್ಟ ಕೆಲಸ.

"ನಿನ್ನೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಬಂದಿದ್ದಳು" ಎಂದ ಅಡವೀಶ. "ನೀವು ಒಳಗಿದ್ದಿರಿ. ಆಕೆ ನನ್ನ ಮುಂದೆ ಕೂತು ಅತ್ತಳು. ದುಃಖದ ಬಗ್ಗೆ ಎಷ್ಟೊಂದು ಓದಿದ್ದೇನೆ! ಬಾಯಿ ತೆರೆದೆ, ಒಂದು ಮಾತೂ ಹೊರಡಲಿಲ್ಲ. ಆಕೆ ಸ್ವಲ್ಪ ಹೊತ್ತು ನೋಡಿದಳು, ಎದ್ದು ಹೋದಳು. ನಾನು ಹೀಗೇ ಆದರೆ ಮಠ ಬಿಟ್ಟು ಹೋಗುವುದೇ ವಾಸಿ."

ಗುರುಗಳು ಕಂಬಕ್ಕೆ ಒರಗಿದರು. ಅವರಿಗೂ ವಯಸ್ಸಾಗಿತ್ತು, ಅವರಿಗೂ ಸಾಕಾಗಿತ್ತು. "ನಿನ್ನದು ಗೇಣುದ್ದದ ಪ್ರಶ್ನೆ, ಉತ್ತರ ಮಾರುದ್ದ" ಎಂದರು. "ಒಂದು ಕತೆ ಹೇಳುತ್ತೇನೆ. ಊರು ಯಾವುದು, ಹೆಸರೇನು ಎಂದೆಲ್ಲ ಕೇಳಬೇಡ. ಅಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ."

ಒಬ್ಬ ಬಳೆಗಾರನಿದ್ದ. ಅವನ ಹೆಂಡತಿಗೆ ಕಿಡ್ನಿ ಕೈಕೊಟ್ಟಿತ್ತು. ಸೋಮವಾರಕ್ಕೊಮ್ಮೆ, ಗುರುವಾರಕ್ಕೊಮ್ಮೆ ದೂರದ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ರಕ್ತವನ್ನೆಲ್ಲ ಯಂತ್ರದಲ್ಲಿ ತೊಳೆದು ಮೈಗೆ ಹಿಂದಿರುಗಿಸುತ್ತಾರಲ್ಲ, ಅದು. ಒಂದು ಸರದಿ ತಪ್ಪಿದರೆ ಮುಖ ಊದುತ್ತಿತ್ತು. ಎರಡು ತಪ್ಪಿದರೆ ಜೀವಕ್ಕೆ ಗ್ಯಾರಂಟಿ ಇಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಆದರೆ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವಷ್ಟರಲ್ಲಿ ಆಕೆ ಹಿಂಡಿದ ಬಟ್ಟೆಯ ಹಾಗೆ ಆಗುತ್ತಿದ್ದಳು. ಒಂದು ದಿನ ಹೊಸಿಲ ಮೇಲೆ ಕುಸಿದು ಕೂತು ಅಂದಳು, "ನನ್ನ ಕೈಲಿ ಇನ್ನಾಗೋದಿಲ್ಲ ರೀ. ಆದದ್ದಾಗಲಿ, ನಾನು ಬಸ್ಸು ಹತ್ತೋದಿಲ್ಲ."

ಒಂದು ಕಾರು ಕೊಳ್ಳಲೇಬೇಕೆಂದು ಬಳೆಗಾರ ಆವತ್ತೇ ತೀರ್ಮಾನ ಮಾಡಿದ. ಹೊಸದು ಅವನ ಕೈಗೆಟುಕುವ ಮಾತಲ್ಲ. ಹಳೆಯದನ್ನೇ ಹುಡುಕಿದ, ಸಿಗುವ ತನಕ ಆಕೆಯನ್ನು ಕಾಡಿ ಬೇಡಿ ಬಸ್ಸಿನಲ್ಲೇ ಕರೆದೊಯ್ದ.

ಅವನಿಗೆ ಕಾರಿನ ವಿಷಯ ಏನು ಗೊತ್ತು? ಗೊತ್ತಿದ್ದದ್ದು ಬಳೆ. ಬಳೆಯ ವ್ಯಾಪಾರದಲ್ಲಿ ಒಂದು ನಿಯಮ ಇದೆ, ಕೈಗೇರದ ಬಳೆ ಹೊಸ ಬಳೆ. ಹುಲ್ಲಿನಲ್ಲಿ ಸುತ್ತಿ ಹತ್ತು ವರ್ಷ ಅಟ್ಟದ ಮೇಲಿಡು. ತೆಗೆದು ಒರೆಸಿದರೆ ಅದೇ ಮಿಂಚು, ಅದೇ ಸದ್ದು. ಒಂದು ದಿನ ತೊಟ್ಟು ಬಿಚ್ಚಿದ್ದಾದರೆ ಅದು ಹಳತು, ಅದನ್ನು ಯಾರೂ ಮುಟ್ಟರು. ಈ ಒಂದು ಅಳತೆ ಇಟ್ಟುಕೊಂಡು ಬಳೆಗಾರ ಕಾರುಗಳನ್ನು ನೋಡುತ್ತ ಹೋದ. ಒಂದು ಎಂಬತ್ತು ಸಾವಿರ ಕಿಲೋಮೀಟರು ಓಡಿತ್ತು, ಇನ್ನೊಂದು ಲಕ್ಷ ದಾಟಿತ್ತು. ಎಲ್ಲವೂ ತೊಟ್ಟು ಬಿಚ್ಚಿದ ಬಳೆಗಳು. ಅವನಿಗೆ ಯಾವುದೂ ಹಿಡಿಸಲಿಲ್ಲ.

ಕೊನೆಗೆ ನಿವೃತ್ತ ಅಧಿಕಾರಿಯೊಬ್ಬರ ಮನೆಯಲ್ಲಿ ಒಂದು ಕಾರು ಸಿಕ್ಕಿತು. ಹನ್ನೊಂದು ವರ್ಷದ್ದು, ಓಡಿದ್ದು ಬರೀ ಒಂಬತ್ತು ಸಾವಿರ. ಸೀಟಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. "ಮಗುವಿನ ಹಾಗೆ ಸಾಕಿದ್ದೇನಪ್ಪ" ಎಂದರು ಆ ಅಧಿಕಾರಿ. "ಶುಕ್ರವಾರ ಶುಕ್ರವಾರ ಪೂಜೆ ಮಾಡಿ, ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ, ಮತ್ತೆ ಹೊದಿಕೆ ಹಾಕುತ್ತೇನೆ. ಇದು ಕೆಸರು ಕಂಡಿಲ್ಲ, ಏರು ಕಂಡಿಲ್ಲ." ಪಾಪ, ಸುಳ್ಳು ಹೇಳಲಿಲ್ಲ ಅವರು. ಪ್ರೀತಿಯಿಂದಲೇ ಹೇಳಿದರು. ಬಳೆಗಾರ ಬಾನೆಟ್ಟಿನ ಮೇಲೆ ಬೆರಳಾಡಿಸಿ, ಕೈಗೇರದ ಬಳೆ ಇದೇ ಅಂದುಕೊಂಡ. ಮನೆಗೆ ತಂದ.

ಗುರುವಾರ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಬಳೆಯ ಪೆಟ್ಟಿಗೆಗಳನ್ನು ಬೇರೆಯವರ ವ್ಯಾನಿನಲ್ಲಿ ಸಾಗಿಸಿ ಅವನಿಗೆ ಗಾಡಿ ಓಡಿಸುವುದು ರೂಢಿಯಿತ್ತು. ಊರ ರಸ್ತೆಯಲ್ಲಿ ಕಾರು ಮೆಲ್ಲಗೆ, ಚೆನ್ನಾಗಿಯೇ ಹೋಯಿತು. ಹೆಂಡತಿ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಎಷ್ಟೋ ದಿನದ ಮೇಲೆ ಆಕೆಯ ಮುಖದಲ್ಲಿ ನೆಮ್ಮದಿ ಕಂಡು ಬಳೆಗಾರನ ಕಣ್ಣು ತುಂಬಿತು.

ಊರ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಒಂದು ಏರು. ಅಲ್ಲಿ ಸರಕ್ಕನೆ ಹತ್ತಿ ಸೇರಿಕೊಳ್ಳಬೇಕು. ಬಳೆಗಾರ ಆಕ್ಸಿಲರೇಟರ್ ಒತ್ತಿದ. ಕಾರು ಗಕ್ಕನೆ ಮುಗ್ಗರಿಸಿತು, ಹೋಗಲೋ ಬೇಡವೋ ಎಂಬಂತೆ ಅರ್ಧ ದಾರಿಯಲ್ಲಿ ತಡವರಿಸಿ ನಿಂತಿತು, ಆಮೇಲೆ ಎಗರಿತು. ಅಷ್ಟರಲ್ಲಿ ಲಾರಿಯೊಂದು ಹಾರನ್ನು ಬಾರಿಸುತ್ತ ಒಂದು ಮೊಳ ಅಂತರದಲ್ಲಿ ಸರಿದು ಹೋಯಿತು. ಲಾರಿಯವನು ಇವರ ಏಳು ತಲೆಮಾರನ್ನೂ ಬೈದ.

ಹೇಗೋ ಆಸ್ಪತ್ರೆ ಮುಟ್ಟಿ, ಹೇಗೋ ಮನೆಗೆ ಬಂದರು. ಹೆಂಡತಿ ಇಳಿದು ಬಾಗಿಲು ಹಾಕಿ ಹೇಳಿದಳು, "ಬಸ್ಸು ದಣಿಸ್ತಿತ್ತು. ಇದು ಕೊಲ್ಲುತ್ತೆ. ನಾನು ಇನ್ನು ಎಲ್ಲಿಗೂ ಬರೋದಿಲ್ಲ, ನನ್ನ ಪಾಡಿಗೆ ನನ್ನನ್ನು ಬಿಟ್ಟುಬಿಡಿ."

ಇನ್ನು ಸೋಮವಾರಕ್ಕೆ ಮೂರೇ ದಿನ. ಅಷ್ಟರೊಳಗೆ ಕಾರು ಸರಿಹೋಗಬೇಕು, ಆಕೆಗೆ ನಂಬಿಕೆ ಬರಬೇಕು.

ಶುಕ್ರವಾರ ಒಂದು ಗ್ಯಾರೇಜು. ಅಲ್ಲಿಯವನು ಮೀಟರು ನೋಡಿದ್ದೇ ಕಣ್ಣರಳಿಸಿದ. "ಒಂಬತ್ತು ಸಾವಿರಾನಾ? ಹಾಗಾದರೆ ಇಂಜಿನ್ನಿಗೆ ಏನೂ ಆಗಿರೋದಿಲ್ಲ ಬಿಡಿ" ಎಂದು ಪ್ಲಗ್ಗು ಬದಲಿಸಿದ. ಏರಿನಲ್ಲಿ ಕಾರು ಮತ್ತೆ ಮುಗ್ಗರಿಸಿತು. ಶನಿವಾರ ಇನ್ನೊಂದು ಗ್ಯಾರೇಜು. ಅಲ್ಲಿಯವನು ಕಂಪ್ಯೂಟರು ಜೋಡಿಸಿ ನೋಡಿದ. ಕಂಪ್ಯೂಟರು ಎಲ್ಲ ಕ್ಷೇಮ ಎಂದಿತು. ಅವನು ಗಾಳಿಯ ಫಿಲ್ಟರು ಹೊಸದು ಹಾಕಿ, "ಇಷ್ಟು ಕಡಿಮೆ ಓಡಿದ ಗಾಡಿ ಸಿಗೋಕೆ ಪುಣ್ಯ ಮಾಡಿರಬೇಕು" ಎಂದು ಕಳಿಸಿದ. ಪುಣ್ಯದ ಗಾಡಿ ಏರಿನಲ್ಲಿ ಮತ್ತೆ ತಡವರಿಸಿತು. ನೋಡು ಮಗಾ, ಗಾಡಿ ಮುಟ್ಟಿದವರೆಲ್ಲ ಆ ಅಂಕಿಗೆ ಕೈಮುಗಿದರು. ಅಂಕಿಗೆ ಕೈಮುಗಿದ ಮೇಲೆ ಇಂಜಿನ್ನನ್ನು ಯಾರು ನೋಡುತ್ತಾರೆ?

ಭಾನುವಾರ ಗ್ಯಾರೇಜುಗಳಿಗೆ ರಜೆ. ಬಳೆಗಾರನಿಗೆ ದಿಕ್ಕೇ ತೋಚಲಿಲ್ಲ. ಸಂತೆ ಮೈದಾನದ ಹಿಂದೆ ಪಂಪ್‌ಸೆಟ್ಟು, ಆಟೋ ರಿಪೇರಿ ಮಾಡುವ ಒಬ್ಬ ಮುದುಕ ಸಾಬರಿದ್ದರು. ಯಾರೋ ಅವರ ಹೆಸರು ಹೇಳಿದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂದು ಹೋದ. ಹೋದವನೇ ಎಲ್ಲರಿಗೂ ಹೇಳಿದ್ದನ್ನೇ ಹೇಳಿದ, "ಸಾಬ್ರೇ, ಬರೀ ಒಂಬತ್ತು ಸಾವಿರ ಓಡಿರೋ ಗಾಡಿ."

ಸಾಬರು ಮೀಟರಿನ ಕಡೆ ನೋಡಲೇ ಇಲ್ಲ. "ಓಡಿದ್ದು ಗೊತ್ತಾಯ್ತಪ್ಪ. ನಿಂತಿದ್ದು ಎಷ್ಟು?" ಎಂದರು.

ಬಳೆಗಾರ ಲೆಕ್ಕ ಹಾಕಿ ನೋಡಿದ. ಹೆಚ್ಚು ಕಡಿಮೆ ಹನ್ನೊಂದು ವರ್ಷ ಪೂರ್ತಿ ನಿಂತಿದೆ ಎಂದು ಹೇಳಬೇಕಾಯಿತು. ಹೇಳುವಾಗ ಅವನ ದನಿ ತಗ್ಗಿತು.

ಸಾಬರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಪೆಟ್ರೋಲಿನ ವಾಸನೆಗಿಂತ ಹಳೆಯ ವಾರ್ನಿಷಿನ ವಾಸನೆಯೇ ಜೋರಾಗಿತ್ತು. ಯಾವ ಕಾಲದ್ದೋ ಪೆಟ್ರೋಲು, ಅದರ ಮೇಲೇ ಹೊಸದು ಸುರಿಯುತ್ತ ಬಂದಿದ್ದರು. ಇಂಜಿನ್ ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನೊಳಗೆ ತಲೆ ಹಾಕಿ, ಒಂದೊಂದೇ ರಬ್ಬರ್ ಕೊಳವೆಯ ಮೇಲೆ ಸ್ಪ್ರೇ ಹೊಡೆಯುತ್ತ, ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಸದ್ದು ಆಲಿಸಿದರು. ಒಂದು ಕಡೆ ಸದ್ದು ಬದಲಾಯಿತು. ಆ ಕೊಳವೆಯನ್ನು ಬಗ್ಗಿಸಿದರೆ ಮಡಿಕೆಯಲ್ಲಿ ಕೂದಲೆಳೆಯ ಬಿರುಕು, ಅಲ್ಲಿಂದ ಕಳ್ಳಗಾಳಿ ಒಳಕ್ಕೆ. "ರಬ್ಬರಿಗೆ ಮೀಟರು ಓದೋಕೆ ಬರೋದಿಲ್ಲ. ಅದಕ್ಕೆ ಗೊತ್ತಿರೋದು ವರ್ಷ ಒಂದೇ" ಎಂದರು. ಗಾಳಿ ಹೋಗುವ ಬಾಯಿಯೊಳಗೆ ಬೆರಳಾಡಿಸಿ ಹೊರತೆಗೆದರು. ಬೆರಳು ಕಪ್ಪಗಾಗಿತ್ತು. "ಹತ್ತು ನಿಮಿಷ ಉರಿಸಿ ಆರಿಸ್ತಾ ಬಂದರೆ ಒಲೆಯಲ್ಲೂ ಮಸಿಯೇ ಕೂರೋದು. ಬೆಂಕಿ ಅಂದ ಮೇಲೆ ಪೂರ್ತಿ ಹತ್ತಬೇಕು."

ಹಳೆಯ ಪೆಟ್ರೋಲು ಚೆಲ್ಲಿದರು, ಕೊಳವೆ ಬದಲಿಸಿದರು, ಮಸಿ ತೊಳೆದರು. ಸಂಜೆ ಹೊತ್ತಿಗೆ ತಾವೇ ಕೂತು ಆ ಏರು ಹತ್ತಿಸಿದರು. ಹಿಂದಿನಿಂದ ಒಂದಿಷ್ಟು ಕಪ್ಪು ಹೊಗೆ ಉಗುಳಿ ಕಾರು ಸರಾಗ ಏರಿತು. ಬಳೆಗಾರನಿಗೆ ಹೋದ ಜೀವ ಬಂದಂತಾಯಿತು.

"ಈಗ ನೀನು ಹತ್ತಿಸು" ಎಂದರು ಸಾಬರು.

ಅವನು ಕೂತ. ಏರಿಗೆ ಬಂದ. ಕಾರು ಮತ್ತೆ ಮುಗ್ಗರಿಸಿತು.

ಬಳೆಗಾರ ಅಳುವುದೊಂದು ಬಾಕಿ. ಸಾಬರು ಕಾರಿನ ಕಡೆ ನೋಡದೆ ಅವನ ಪಾದದ ಕಡೆ ನೋಡಿದರು. "ನೀನು ಒತ್ತುತ್ತೀಯ, ಅರ್ಧಕ್ಕೇ ಎತ್ತುತ್ತೀಯ. ಯಾಕಪ್ಪ?"

"ಹೊಸಾ ಇಂಜಿನ್ನು ಸಾಬ್ರೇ. ಜೋರಾಗಿ ಒತ್ತಿದರೆ ಸವೆಯುತ್ತಲ್ಲ?"

"ಸವೆಯಲಿ! ಸವೆಯಲಿ ಅಂತಲೇ ಅದನ್ನು ಮಾಡಿರೋದು. ಇದು ಬಳೆ ಅಲ್ಲಪ್ಪಾ. ಇನ್ನು ನನ್ನ ಕೆಲಸ ಮುಗೀತು, ಉಳಿದ ರಿಪೇರಿ ನಿನ್ನ ಕಾಲಿನದು."

ಬಳೆಗಾರ ಕತ್ತಲಾಗುವ ತನಕ ಆ ಏರನ್ನು ಹತ್ತಿದ, ಇಳಿದ. ಮೂವತ್ತು ವರ್ಷ ಬೆನ್ನ ಹಿಂದೆ ಗಾಜಿನ ಬಳೆ ಹೇರಿಕೊಂಡು ಮೆಲ್ಲಗೆ ಓಡಿಸಿದ ಕಾಲು ಅದು. ಮನಸ್ಸು ಒತ್ತು ಎನ್ನುತ್ತಿತ್ತು, ಕಾಲು ಮೇಲೇಳುತ್ತಿತ್ತು. ಮನೆಗೆ ಬಂದಾಗ ಅವನಿಗೆ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಕಾರು ಬಾಗಿಲ ಮುಂದೆ ನಿಲ್ಲಿಸಿ ಹೆಂಡತಿಯನ್ನು ಕರೆದ. ಆಕೆಯ ಕಣ್ಣ ಕೆಳಗೆ ಆಗಲೇ ಊದಿಕೊಂಡಿತ್ತು. "ಗಾಡಿ ಸರಿಯಾಯ್ತಾ?" ಎಂದು ಕೇಳಿದಳು.

ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗಾಡಿ ಸರಿಯಾಗಿದೆ. ನಾನು ಸರಿಯಾಗಿಲ್ಲ ಕಣೇ" ಎಂದ. "ನೀನು ಹಿಂದೆ ಕೂತಿದ್ದೀಯ ಅಂತ ನೆನೆಸಿಕೊಂಡರೂ ಸಾಕು, ನನ್ನ ಕಾಲು ಒತ್ತೋದೇ ಇಲ್ಲ. ನಿನಗೇನಾದರೂ ಆದರೆ ಅಂತ ಹೆದರಿಕೆ. ಎರಡು ವರ್ಷದಿಂದ ಅದೊಂದೇ ಹೆದರಿಕೆ."

ಆಕೆ ಅವನನ್ನೇ ನೋಡಿದಳು. ಎರಡು ವರ್ಷದಿಂದ ಅವನು ಆಕೆಯನ್ನು ಒಲೆ ಹತ್ತಿರ ಬಿಟ್ಟಿರಲಿಲ್ಲ, ಅಂಗಡಿಯಲ್ಲಿ ಕೂರಿಸಿರಲಿಲ್ಲ, ಒಂದು ಚೊಂಬು ನೀರು ಎತ್ತಿದರೂ ಓಡಿಬಂದು ಕಸಿದುಕೊಳ್ಳುತ್ತಿದ್ದ. ಸ್ವಲ್ಪ ಸ್ವಲ್ಪ ಓಡಾಡಲಿ ಎಂದು ಡಾಕ್ಟರು ಹೇಳಿದ್ದರೂ ಮಂಚ ಬಿಟ್ಟು ಇಳಿಯಗೊಟ್ಟಿರಲಿಲ್ಲ.

"ನಾನೂ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. "ನನ್ನ ದಣಿವಿನಲ್ಲಿ ಅರ್ಧ ಕಾಯಿಲೆಯದು, ಅರ್ಧ ನಿಮ್ಮ ಜೋಪಾನದ್ದು. ಕೆಟ್ಟಿರೋದು ಕಿಡ್ನಿ ರೀ, ಕೈಕಾಲಲ್ಲ. ಮಲಗಿ ಮಲಗಿ ನಾನು ಬದುಕಿದೀನೋ ಇಲ್ಲವೋ ಅನ್ನೋದೇ ಮರೆತುಹೋಗಿದೆ."

ಬಳೆಗಾರ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಗಳಗಳ ಅತ್ತ. ಆಕೆ ಹಿಂದಿನ ಬಾಗಿಲು ತೆರೆಯಲಿಲ್ಲ. ಮುಂದಿನ ಬಾಗಿಲು ತೆರೆದು ಅವನ ಪಕ್ಕ ಕೂತಳು. ಇಬ್ಬರೂ ಏರಿನ ತನಕ ಬಂದರು. ಅಲ್ಲಿ ಆಕೆ ಅವನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು, "ದಾರಿ ಖಾಲಿ ಇದೆ. ಒತ್ತಿ. ಹೆದರಿಕೆ ಆದರೂ ಎತ್ತಬೇಡಿ."

ಅವನಿಗೆ ಹೆದರಿಕೆ ಆಯಿತು. ಅವನು ಎತ್ತಲಿಲ್ಲ. ಕಾರು ಒಂದೇ ಉಸಿರಿಗೆ ಏರಿ ಹೆದ್ದಾರಿ ಸೇರಿತು.

ಮರುದಿನದಿಂದ ಆಕೆ ಅಂಗಡಿಯಲ್ಲಿ ಕೂರತೊಡಗಿದಳು, ಮೊದಲು ಒಂದು ತಾಸು, ಆಮೇಲೆ ಎರಡು ತಾಸು. ಹೆಂಗಸರ ಕೈ ಹಿಡಿದು ಬಳೆ ತೊಡಿಸಿದಳು, ಅವರ ಜೊತೆ ಹರಟಿದಳು. ಸಂಜೆ ಹೊತ್ತಿಗೆ ದಣಿಯುತ್ತಿದ್ದಳು, ಆದರೆ ಆ ದಣಿವಿಗೆ ನಿದ್ದೆ ಬರುತ್ತಿತ್ತು. ಎಷ್ಟು ವರ್ಷ ಬದುಕಿದಳು ಎಂದು ಕೇಳಬೇಡ. ಕಾರು ಅರವತ್ತು ಸಾವಿರ ದಾಟಿದ್ದು ಆಕೆಯ ಆಸ್ಪತ್ರೆಯ ದಾರಿಯಲ್ಲೇ.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಹಿತ್ತಲಲ್ಲಿ ಯಾರೋ ಕೊಪ್ಪರಿಗೆ ಬೀಳಿಸಿದರು, ಎಲ್ಲರೂ ಗೊಳ್ಳೆಂದು ನಕ್ಕರು.

ಅಡವೀಶನಿಗೆ ಬಳೆಗಾರನ ಮೇಲೆ ಕನಿಕರ ಬಂದಿತ್ತು. ಅವನ ಹೆಂಡತಿಯ ಮೇಲೆ ಗೌರವ ಹುಟ್ಟಿತ್ತು. ಆದರೆ ಸಿಟ್ಟೊಂದು ಉಳಿದುಕೊಂಡಿತ್ತು, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

"ಆ ಅಧಿಕಾರಿಯದೇ ತಪ್ಪು ಅಲ್ಲವೇ ಗುರುಗಳೇ?" ಎಂದ. "ಅಷ್ಟು ಒಳ್ಳೆಯ ಕಾರನ್ನು ಪ್ರೀತಿ ಪ್ರೀತಿ ಎಂದು ನಿಲ್ಲಿಸಿಟ್ಟು ಹಾಳು ಮಾಡಿದರಲ್ಲ!"

ಗುರುಗಳು ನೀರಿನ ಲೋಟ ಕೆಳಗಿಟ್ಟರು.

"ಅವರನ್ನು ಬೈಯಬೇಡ ಮಗಾ, ನಿನ್ನ ವಿಷಯದಲ್ಲಿ ಆ ತಪ್ಪು ಮಾಡಿದವನು ನಾನು."

ಅಡವೀಶ ಎದ್ದು ಹಿತ್ತಲಿಗೆ ಹೋಗಿ, ಒಂದು ಕೊಪ್ಪರಿಗೆ ಎಳೆದುಕೊಂಡು ಉಜ್ಜತೊಡಗಿದ.