ಗುರುಪಾದ ಕ್ರಿಯೆಗೆ ಹೆಸರು ಹೇಳಿದ್ದು

ನಗುವವರು ಆಮೇಲೆ ನಗಿ, ಮೊದಲು ಪೂರ್ತಿ ಕೇಳಿ. ಹಾಸ್ಟೆಲಿಗೆ ರೊಟ್ಟಿ ಬಡಿಯುವ ಸಾವಂತ್ರವ್ವನಿಗೆ ಒಬ್ಬನೇ ಮಗ, ಗುರುಪಾದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ! ಪಿಯುಸಿ ಕೆಮಿಸ್ಟ್ರಿಯಲ್ಲಿ ಆಗಲೇ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಸೋದರಮಾವ ಕಲ್ಲುಕ್ವಾರಿಗೆ ಎಳೆದೊಯ್ಯುವವನಿದ್ದ. ಅವನಪ್ಪ ಬಂಡೆ ಬಿದ್ದು ಸತ್ತದ್ದು ಅದೇ ಕ್ವಾರಿಯಲ್ಲಿ. ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ.

ಕೆಮಿಸ್ಟ್ರಿಯಲ್ಲಿ ಕ್ರಿಯೆಗಳಿಗೂ ಮನುಷ್ಯರ ಹೆಸರು. ಕ್ರಿಯೆ ನೋಡಿ ಹೆಸರು ಹೇಳಬೇಕು. "ಬಾಣದ ಗುರುತಿನ ಮ್ಯಾಲೆ ಏನೈತಿ ನೋಡಲೇ, ಹೆಸರು ಗೊತ್ತಾಗ್ತೈತಿ!" ಅಂದರು ಟ್ಯೂಷನ್ನಿನ ಹಂಚಿನಾಳ ಮಾಸ್ತರು, ಬೋರ್ಡಿನ ಮೇಲೆ ಒಂದು ಕ್ರಿಯೆ ಬರೆದು.

ಗುರುಪಾದ ಬಾಣದ ಮೇಲೆ ನೋಡಿದ. ಇನ್ನೂ ಮೇಲೆ ನೋಡಿದ. ಗೋಡೆಯಲ್ಲಿ ಹಲ್ಲಿ ಕೂತಿತ್ತು.

"ಹಲ್ಲಿ ಐತ್ರಿ ಸರ್! ಹಲ್ಲಿ ಕ್ರಿಯೆ!"

"ಏ ಮಬ್ಬ! ಗ್ವಾಡಿ ಯಾಕ ನೋಡ್ತಿ? ಎಡಕ್ಕ ಏನಿತ್ತು, ಏನು ಹೋತು, ಅದನ್ನ ನೋಡು!"

ಮರುದಿನ ಎಡಕ್ಕೆ ನೋಡಿದ. ಪಕ್ಕದಲ್ಲಿದ್ದ ಬಸಲಿಂಗ ನೀರು ಕುಡಿಯಲು ಎದ್ದು ಹೋಗಿದ್ದ.

"ಬಸಲಿಂಗ ಹೋದಾನ್ರಿ ಸರ್! ಬಸಲಿಂಗ ಕ್ರಿಯೆ!"

ಕೋಣನ ಮುಂದೆ ಕಿನ್ನರಿ ಬಾರಿಸಿ ಮಾಸ್ತರಿಗೆ ಸಾಕಾಯಿತು. ಅವ್ವ ಹಣೆ ಹಣೆ ಬಡಿದುಕೊಂಡಳು. "ನಿನಗ ಕೈ ಮುಗೀತೀನೋ ಮಗನ! ಪರೀಕ್ಷೆದಾಗ ಅತ್ತಾಗ ಇತ್ತಾಗ ನೋಡಬ್ಯಾಡ. ಕೈಯಾಗಿನ ಗಾಜಿನ ನಳಿಗಿ ಒಂದನ್ನ ನೋಡು. ಏನು ಕಾಣ್ತೈತೋ ಅದರ ಹೆಸರು ಹೇಳು!"

"ಹೂಂ ಅವ್ವಾ!"

ಲ್ಯಾಬ್ ಪರೀಕ್ಷೆಯ ದಿನ ಬಂತು. ಸೋದರಮಾವ ಟೆಂಪೋ ತಂದು ಗೇಟಿನಲ್ಲೇ ನಿಲ್ಲಿಸಿದ. ಕಿಟಕಿಯ ಹೊರಗೆ ಅವ್ವ, ಪಕ್ಕದಲ್ಲಿ ಮಾಸ್ತರು. ಅವ್ವನ ಜೀವ ಕೈಯಲ್ಲಿತ್ತು. ಒಳಗೆ ಗುರುಪಾದ ಗಾಜಿನ ನಳಿಗೆಗೆ ಕೊಟ್ಟ ದ್ರಾವಣಗಳನ್ನು ಹಾಕಿ, ಬಿಸಿನೀರಿನಲ್ಲಿ ಇಟ್ಟು ತೆಗೆದ. ನೋಡುತ್ತಿದ್ದಂತೆ ಒಳಗೆಲ್ಲ ಬೆಳ್ಳಿ ಮೆತ್ತಿ ನಳಿಗೆ ಫಳಫಳ ಕನ್ನಡಿಯಾಯಿತು!

"ಬೆಳ್ಳಿ ಕನ್ನಡಿ! ಟಾಲೆನ್ಸ್ ಕ್ರಿಯೆ ಅಂದ್ರ ಸಾಕು, ಪಾಸಾದ!" ಮಾಸ್ತರು ಪಿಸುಗುಟ್ಟಿದರು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಪರೀಕ್ಷಕರು ಕೇಳಿದರು, "ಏನು ಕಾಣ್ತದಪ್ಪಾ? ಹೆಸರು ಹೇಳು."

ಗುರುಪಾದ ಅತ್ತ ನೋಡಲಿಲ್ಲ, ಇತ್ತ ನೋಡಲಿಲ್ಲ. ನಳಿಗೆಯನ್ನೇ ದಿಟ್ಟಿಸಿದ.

"ಗುರುಪಾದ, ಸರ್."

"ನಿನ್ನ ಹೆಸರಲ್ಲೋ! ನಳಿಗೆಯೊಳಗೆ ಕಾಣೋದರ ಹೆಸರು!"

"ಅವನೂ ಗುರುಪಾದನ ಅದಾನ್ರಿ ಸರ್!"

ಅವ್ವ ಕಿಟಕಿಯ ಸರಳು ಹಿಡಿದೇ ಕುಸಿದಳು. ಪುಣ್ಯಾತ್ಮ ಪರೀಕ್ಷಕರು ಮರುಗಿ ಹತ್ತಿರ ಬಂದು ಬಗ್ಗಿದರು. "ಕೊನೇ ಸಲ ಕೇಳ್ತೀನಿ. ಸರಿಯಾಗಿ ನೋಡಿ ಹೇಳು."

ಗುರುಪಾದ ಸರಿಯಾಗಿ ನೋಡಿದ. ಅವನ ಮುಖ ಅರಳಿತು.

"ಈಗ ನೀವು ಬಂದ್ರಿ ಸರ್! ನಿಮ್ಮ ಹೆಸರೇನ್ರಿ?"